ರುಮಾಲಿನಲ್ಲಿಟ್ಟ ಬೋರಮಾಳ

ಈ ಸಂಗತಿಯನ್ನು ಹೇಳಬೇಕೆಂದು ಎಷ್ಟು ಸಲ ಬಾಯಿ ತೆರೆದಿದ್ದೇನೋ, ಅಷ್ಟು ಸಲ ಬೇರೆ ಏನನ್ನೋ ಹೇಳಿ ಮುಚ್ಚಿದ್ದೇನೆ. ಅಪ್ಪ ಇರುವಾಗ, ಅಪ್ಪನಿಗೆ ಗೊತ್ತಾದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾನೆ ಎಂದುಕೊಂಡೆ. ಅಪ್ಪ ಹೋದ ಮೇಲೆ ಅವ್ವ ಇದ್ದಳು. ಅವ್ವನ ನಂತರ ಅಕ್ಕ ಇದ್ದಳು. ಹೋದ ಶ್ರಾವಣದಲ್ಲಿ ಅಕ್ಕನೂ ಹೋದಳು. ಇನ್ನು ಅಡಗಿಕೊಳ್ಳಲು ಯಾರ ಸೆರಗೂ ಉಳಿದಿಲ್ಲ.

ಆದರೂ ಇನ್ನೊಂದಿಷ್ಟು ದಿನ ತಳ್ಳುತ್ತಿದ್ದೆನೋ ಏನೋ. ಮೊನ್ನೆ ನೆರೆಮನೆಯ ಸೊಸೆ ಶರಣಮ್ಮ ಬಂದು ನನ್ನನ್ನು ಸಿಕ್ಕಿಸಿಬಿಟ್ಟಳು. ನಿಮಗೆ ಗೊತ್ತಿರಲಿ, ನಮ್ಮ ಮಸ್ಕಿಯ ಈ ಓಣಿಯಲ್ಲಿ ಪರವೂರಿಗೆ ಹೋಗುವವರು ಒಂದು ಗಳಿಗೆ ನನ್ನ ಕಟ್ಟೆಗೆ ಬಂದು ಹೋಗುವ ರೂಢಿಯಿದೆ. ಕಳ್ಳಕಾಕರ ಕೈಗೆ ಸಿಕ್ಕದೆ ಹೋಗಿಬರುವ ವಿದ್ಯೆಯಲ್ಲಿ ನಾನು ಪಂಡಿತನೆಂದು ಪ್ರತೀತಿ. ಹೈಸ್ಕೂಲು ಓದಿದವನು ಎಂಬುದಕ್ಕಿಂತ ಈ ಒಂದು ವಿದ್ಯೆಗೇ ನನಗೆ ಹೆಚ್ಚು ಮರ್ಯಾದೆ ಸಿಕ್ಕಿದೆ.

"ಅಜ್ಜಾರ, ಸಿಂಧನೂರಿಗೆ ಬಟ್ಟಿ ತರಾಕ ಹೊಂಟೀನ್ರಿ. ನಿಮ್ಮ ಮಂತ್ರ ಒಂದಿಷ್ಟು ಹೇಳಿಬಿಡ್ರಿ" ಎಂದಳು.

ನಾನು ಎಂದಿನಂತೆ ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. "ಒಡವಿ ಇದ್ದ ಜಾಗ ಮುಟ್ಟಿ ಮುಟ್ಟಿ ನೋಡಿಕೋಬ್ಯಾಡವ್ವಾ. ನೀ ಎಲ್ಲಿ ಮುಟ್ಟಿಕೋತಿ, ಅಲ್ಲೇ ಐತಿ ಅಂತ ಊರಿಗೆಲ್ಲ ಗೊತ್ತಾಗತೈತಿ. ಹೆಗಲಿಗೆ ಸೆಗಣಿ ಹತ್ತೈತಿ ಅಂತ ಒರಸಾಕ ಬಂದವನ ಕಡೆ ಹೊಳ್ಳಿ ನೋಡಬ್ಯಾಡ, ಅವನ ಜೋಡಿ ಇನ್ನೊಬ್ಬ ಇರತಾನ. ದಾರಿ ಕೇಳೂದಿದ್ರ ಕುಂತು ಕೆಲಸಾ ಮಾಡಾಕತ್ತವರನ್ನ ಕೇಳು, ನಿಂತವರನ್ನ ಕೇಳಬ್ಯಾಡ."

ಶರಣಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. "ಅಲ್ರೀ ಅಜ್ಜಾರ, ಇಷ್ಟೆಲ್ಲಾ ನಿಮಗ ಯಾರು ಕಲಿಸಿದ್ರು? ಸಣ್ಣವರಿದ್ದಾಗ ನೀವೇ ಆ ಧಂದೇದಾಗ ಇದ್ರೇನು ಮತ್ತ?"

ನಾನೂ ನಕ್ಕೆ. ಆಮೇಲೆ ಒಳಗೆ ಬಂದು ಕಾಗದ ಹುಡುಕಿದೆ. ಯಾಕೆಂದರೆ ಯಾರು ಕಲಿಸಿದರು ಎಂದು ಇಷ್ಟು ವರ್ಷಗಳಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ.

ನಿಜಾಮರ ಆಳ್ವಿಕೆಯ ಕೊನೆಕೊನೆಯ ವರ್ಷಗಳು. ನಾನು ರಾಯಚೂರಿನಲ್ಲಿ ಹೈಸ್ಕೂಲು ಮುಗಿಸಿ ಮನೆಗೆ ಬಂದು ಕೂತಿದ್ದೆ. ನನಗೆ ಹತ್ತೊಂಬತ್ತು ವರ್ಷ. ಉರ್ದು ಓದಿ ಬರೆಯುತ್ತಿದ್ದೆ, ಇಂಗ್ಲಿಷಿನಲ್ಲಿ ನನ್ನ ಹೆಸರನ್ನು ಎರಡು ಬಗೆಯಲ್ಲಿ ಬರೆಯುತ್ತಿದ್ದೆ. ಇಷ್ಟು ಬಂದ ಮೇಲೆ ಲೋಕದಲ್ಲಿ ತಿಳಿಯಬೇಕಾದದ್ದು ಇನ್ನೇನಿದೆ ಎಂಬ ಭಾವನೆಯಲ್ಲಿ ಇದ್ದೆ. ಶಾಲೆಯಲ್ಲಿ ನಾನು ಒಂದು ದಿನವೂ ಹಾಜರಿ ತಪ್ಪಿಸಿದವನಲ್ಲ. ಮಾಸ್ತರರು ಹೆಸರು ಕೂಗಿದ ಕೂಡಲೇ ಎದ್ದು ನಿಂತು "ಹಾಜಿರ್ ಜನಾಬ್" ಎನ್ನುವಾಗ ಎದೆ ಉಬ್ಬುತ್ತಿತ್ತು. ಹಾಜರಿ ಎಂಬ ಮಾತು ನನಗೆ ಅಷ್ಟು ಇಷ್ಟ. ಅದೇ ಮಾತನ್ನು ಬೇರೆ ಅರ್ಥದಲ್ಲಿ ಕೇಳುವುದು ಮುಂದಿತ್ತು.

ಅಕ್ಕನ ಮದುವೆ ಗೊತ್ತಾಗಿತ್ತು. ಸಿಂಧನೂರಿನ ಹತ್ತಿರ ಸಾಲಗುಂದದ ಒಳ್ಳೆಯ ಒಕ್ಕಲು ಮನೆ. ಅವ್ವನ ಬೋರಮಾಳವನ್ನು ಮಗಳ ಕೊರಳಿಗೆ ಹಾಕುತ್ತೇವೆಂದು ಮಾತಾಗಿತ್ತು. ಬೋರಮಾಳ ಎಂದರೆ ಬಾರೆಹಣ್ಣಿನಂಥ ಬಂಗಾರದ ಗುಂಡುಗಳನ್ನು ಪೋಣಿಸಿದ ಸರ. ನಮ್ಮ ಮನೆಯಲ್ಲಿದ್ದ ಬಂಗಾರವೆಂದರೆ ಅದೊಂದೇ. ಅದು ಇಲ್ಲ ಎಂದರೆ ಮದುವೆಯೂ ಇಲ್ಲ ಎಂಬುದನ್ನು ಬಾಯಿಬಿಟ್ಟು ಹೇಳುವ ಅಗತ್ಯ ಯಾರಿಗೂ ಇರಲಿಲ್ಲ. ಸರದ ಕೊಂಡಿ ಸಡಿಲಾಗಿತ್ತು, ಎರಡು ಗುಂಡು ನೆಗ್ಗಿದ್ದವು. ಅವ್ವನ ತವರಿನ ಕಡೆಯ ಪತ್ತಾರರು ಲಿಂಗಸುಗೂರಿನಲ್ಲಿ ಅಂಗಡಿ ಇಟ್ಟಿದ್ದರು. ಬೇರೆ ಅಕ್ಕಸಾಲಿಗರ ಕೈಗೆ ಅವ್ವ ಅದನ್ನು ಕೊಡುವವಳಲ್ಲ. ಅಪ್ಪ ಹೋಗಬೇಕಾಗಿತ್ತು. ಆದರೆ ಅಪ್ಪನ ಕಾಲಿಗೆ ನಾರುಹುಣ್ಣಾಗಿ ಆತ ಮಂಚ ಬಿಟ್ಟು ಇಳಿಯುವ ಹಾಗಿರಲಿಲ್ಲ. ಆ ಕಾಲದಲ್ಲಿ ಮೆಟ್ಟಿಲ ಬಾವಿಯ ನೀರು ಕುಡಿದವರಿಗೆಲ್ಲ ಎಂದಾದರೊಮ್ಮೆ ಆ ಹುಣ್ಣು ತಪ್ಪುತ್ತಿರಲಿಲ್ಲ. ಹುಣ್ಣಿನಿಂದ ಹೊರಬಂದ ನೂಲಿನಂಥ ಹುಳುವನ್ನು ಕಡ್ಡಿಗೆ ಸುತ್ತಿಕೊಂಡು ಅಪ್ಪ ದಿನಕ್ಕೆ ಒಂದು ಸುತ್ತು ಎಳೆಯುತ್ತ ಕೂತಿದ್ದ.

ಹೀಗಾಗಿ ನನಗೆ ಅಧಿಕಾರ ಬಂತು.

ಅವ್ವ ಬುತ್ತಿ ಕಟ್ಟಿದಳು. ಖಡಕ್ ಜೋಳದ ರೊಟ್ಟಿ, ಮೇಲೊಂದು ಅರಿವೆಯ ಗಂಟಿನಲ್ಲಿ ಗುರೆಳ್ಳು ಚಟ್ನಿಪುಡಿ. ಬೋರಮಾಳವನ್ನು ರೊಟ್ಟಿಗಳ ನಡುವೆ ಇಡಲು ಹೋದಳು. "ಕಳ್ಳ ಬಂಗಾರ ಕದೀತಾನ, ಬೆಳ್ಳಿ ಕದೀತಾನ. ಒಣಾ ರೊಟ್ಟಿ ಕದ್ದ ಕಳ್ಳನ್ನ ನಾ ಕಂಡಿಲ್ಲಪಾ" ಎಂದಳು.

ಹೈಸ್ಕೂಲು ಓದಿದವನಿಗೆ ಇದು ಅವಮಾನವೆನಿಸಿತು. ರೊಟ್ಟಿಯಲ್ಲಿ ಬಂಗಾರ ಇಟ್ಟುಕೊಂಡು ಪೇಟೆಗೆ ಹೋಗುವುದು ಹಳ್ಳಿಗರ ಬುದ್ಧಿ. "ನಿನಗ ಗೊತ್ತಾಗಂಗಿಲ್ಲ, ಸುಮ್ನಿರು" ಎಂದು ಸರವನ್ನು ಕಸಿದುಕೊಂಡೆ. ದೊಡ್ಡವನಂತೆ ಕಾಣಲೆಂದು ಅಪ್ಪನ ಜರಿಯಂಚಿನ ರುಮಾಲನ್ನು ಸುತ್ತಿಕೊಂಡಿದ್ದೆ. ಅದರ ಮಡಿಕೆಯೊಳಗೆ ಸರ ಸೇರಿಸಿದೆ. ಅಪ್ಪನ ತಲೆ ದೊಡ್ಡದು. ರುಮಾಲು ನನ್ನ ತಲೆಯ ಮೇಲೆ ಮೋಟಾರು ಕುಲುಕಿದಂತೆಲ್ಲ ತಾನೂ ಒಂದು ಪ್ರಯಾಣ ಮಾಡುತ್ತಿತ್ತು. ಲಿಂಗಸುಗೂರು ಮುಟ್ಟುವವರೆಗೆ ನಾನು ಅದನ್ನು ನೂರು ಸಲ ಮುಟ್ಟಿ ನೋಡಿಕೊಂಡಿರಬೇಕು.

ಲಿಂಗಸುಗೂರಿನಲ್ಲಿ ಅಂದು ಸಂತೆ. ಮೋಟಾರು ಇಳಿದು ಯಾವ ಕಡೆ ಹೋಗಬೇಕೆಂದು ತಿಳಿಯದೆ ನಿಂತಿದ್ದೆ. ಬೇವಿನ ಗಿಡದ ಕೆಳಗೆ ಒಬ್ಬ ಮನುಷ್ಯ ಹಗ್ಗ ಹೊಸೆಯುತ್ತ ಕೂತಿದ್ದ. ಮೂವತ್ತೈದು ನಲವತ್ತರ ವಯಸ್ಸು, ಕಪ್ಪು ಕಂಬಳಿ, ಕುರುಚಲು ಗಡ್ಡ. ತಲೆಯೆತ್ತದೆಯೇ ಹೇಳಿದ:

"ತಮ್ಮಾ, ರುಮಾಲು ಮುಟ್ಟಿಕೋಬ್ಯಾಡ. ನೀ ಎಲ್ಲಿ ಮುಟ್ಟಿಕೋತಿ, ಅಲ್ಲೇ ಐತಿ ಅಂತ ಊರಿಗೆಲ್ಲ ಗೊತ್ತಾಗತೈತಿ."

ನನ್ನ ಮುಖಕ್ಕೆ ರಕ್ತ ಏರಿತು. "ಏನೂ ಇಲ್ರಿ ಯಣ್ಣಾ ಅದರಾಗ, ತಲಿ ತುರಸಾಕತ್ತೈತಿ" ಎಂದೆ.

"ಹೌದಪಾ, ಹೊಸಾ ಊರಾಗ ಎಲ್ಲಾರ ತಲೀನೂ ತುರಸತೈತಿ." ಆತ ನಕ್ಕ. "ಎಲ್ಲಿಗೆ ಹೋಗ್ಬೇಕು?"

ಪತ್ತಾರ ಓಣಿ ಎಂದೆ. ಹಗ್ಗವನ್ನು ಸುತ್ತಿ ಕಂಬಳಿಗೆ ಸಿಕ್ಕಿಸಿಕೊಂಡು ಎದ್ದ. "ನಡಿ, ತೋರಿಸಿ ಬರ್ತೀನಿ. ನೀ ಒಬ್ಬನ ಹೋದ್ರ ಸಂತ್ಯಾಗ ನಿನ್ನ ಹಣ್ಣಿನಂಗ ಸುಲೀತಾರ."

ಸಂತೆಯ ನಡುವೆ ಹೋಗುತ್ತ ಆತ ನನಗೆ ಪಾಠ ಹೇಳಿದ. ಸೆಗಣಿ ಒರೆಸುವವನ ಕಥೆ ಹೇಳಿದ. ಔಷಧ ಮಾರುವವನ ಸುತ್ತ ಜನ ಬಾಯಿ ತೆರೆದು ನಿಂತಾಗ ಬಾಯಿ ತೆರೆಯದೆ ನಿಂತವರು ಯಾರೆಂದು ನೋಡಲು ಹೇಳಿದ. ಇವೆಲ್ಲ ಈತನಿಗೆ ಹೇಗೆ ಗೊತ್ತು ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಊರಿನ ಹಿರಿಯರಲ್ಲಿ ಒಬ್ಬನಿರಬೇಕು ಎಂದುಕೊಂಡೆ. ಮಾತುಮಾತಿಗೆ ಯಣ್ಣಾ, ಯಣ್ಣಾ ಎನ್ನುತ್ತ ಹಿಂದೆ ಹೋದೆ.

ಸಂತೆಯ ತುದಿಯಲ್ಲಿ ಅರವಟ್ಟಿಗೆ ಇತ್ತು. ಮುದುಕಿಯೊಬ್ಬಳು ದಾರಿಹೋಕರ ಬೊಗಸೆಗೆ ನೀರು ಹೊಯ್ಯುತ್ತಿದ್ದಳು. ನಾನು ಬುತ್ತಿಯ ಗಂಟನ್ನು ಆತನ ಕೈಗೆ ಕೊಟ್ಟು, ಬಗ್ಗಿ ಬೊಗಸೆ ಹಿಡಿದೆ. ಬಗ್ಗಿದ ಕೂಡಲೇ ಅಪ್ಪನ ರುಮಾಲು ಜಾರಿತು. ಅದು ನೆಲಕ್ಕೆ ಬೀಳುವ ಮೊದಲೇ ಆತ ಹಿಡಿದ. ನಾನು ನೀರು ಕುಡಿದು, ಮುಖ ಒರೆಸಿಕೊಂಡು ನೆಟ್ಟಗಾದಾಗ ರುಮಾಲನ್ನು ನನ್ನ ತಲೆಯ ಮೇಲಿಟ್ಟು, ಬುತ್ತಿಯನ್ನು ಕೈಗೆ ಕೊಟ್ಟ. ಅವನ ಧ್ವನಿ ಬದಲಾಗಿತ್ತು.

"ನಡಿ ತಮ್ಮಾ. ಮೊದಲ ಇಲ್ಲಿಂದ ನಡಿ. ಆಮ್ಯಾಲ ಹೇಳ್ತೀನಿ."

ನಮ್ಮ ಹಿಂದೆ ಇಬ್ಬರು ನಿಂತಿದ್ದರು. ನೀರು ಕುಡಿಯಲು ಬಂದವರಂತೆ ಕಾಣಲಿಲ್ಲ. ನಾನು ಅವರನ್ನು ನೋಡಿಯೂ ಲಕ್ಷ್ಯ ಕೊಡಲಿಲ್ಲ. ನನ್ನ ಕೈ, ಹೇಳಿದ ಮಾತು ಕೇಳದೆ, ರುಮಾಲಿಗೆ ಹೋಯಿತು. ಸರ ಇರಲಿಲ್ಲ.

"ಕಳ್ಳ! ಕಳ್ಳ!" ಎಂದು ಕೂಗಿದೆ. ಅರ್ಧ ತಾಸು ಯಣ್ಣಾ ಎಂದವನ ಕಂಬಳಿ ಹಿಡಿದು, "ಲೇ, ಸರಾ ಕೊಡಲೇ" ಎಂದೆ. ಜನ ಸೇರಿತು. ಆ ಇಬ್ಬರೂ ಜನರೊಳಗೆ ಕರಗಿಹೋದರು. ಸಂತೆಯ ಪಾಳಿಯಲ್ಲಿದ್ದ ಪೊಲೀಸು ಜವಾನ ಬಂದ. ಆತನನ್ನು ನೋಡಿದ ಕೂಡಲೇ ಹೆಸರು ಹಿಡಿದು ಬೈದು, ನನ್ನ ಕಡೆ ತಿರುಗಿ, "ಇಂವನ ಸಂಗಡ ಬಂದಿಯಲ್ಲೋ ಖೋಡಿ! ಇಂವ ಹಾಜರಿ ಮನಿಶಾ" ಎಂದ.

ನನಗೆ ಅರ್ಥವಾಗಲಿಲ್ಲ. ಸುತ್ತಲಿನವರು ತಿಳಿಸಿಕೊಟ್ಟರು. ಸರಕಾರದ ಒಂದು ಪಟ್ಟಿಯಿತ್ತಂತೆ. ಅದರಲ್ಲಿ ಬರೆದ ಮನೆತನಗಳಲ್ಲಿ ಹುಟ್ಟಿದವರು ಕದ್ದಿರಲಿ ಬಿಡಲಿ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಪೊಲೀಸು ಚೌಕಿಗೆ ಹೋಗಿ ಹಾಜರಿ ಹೇಳಬೇಕು. ಆತನೂ ನನ್ನ ಹಾಗೆಯೇ ಒಂದು ದಿನವೂ ತಪ್ಪಿಸಿರಲಿಲ್ಲವೆಂದು ಕಾಣುತ್ತದೆ.

ಜವಾನ ಆತನ ಕಂಬಳಿ ಕೊಡವಿದ, ಧೋತರ ಝಾಡಿಸಿದ, ಬಾಯಿ ತೆರೆಸಿ ನೋಡಿದ. ಏನೂ ಸಿಗಲಿಲ್ಲ. "ಎಲ್ಲಿ ಇಟ್ಟೀಲೇ?" ಎಂದು ಕೈಬೆರಳಿನ ಗೆಣ್ಣಿನ ಮೇಲೆ ಲಾಠಿಯಿಂದ ಹೊಡೆದ. ಆತ ಜವಾನನನ್ನು ನೋಡಲಿಲ್ಲ. ನನ್ನನ್ನೇ ನೋಡಿ ಹೇಳಿದ:

"ಹಸಿದೀ ತಮ್ಮಾ. ಬುತ್ತಿ ಬಿಚ್ಚಿ ಉಣ್ಣು."

ಜನ ಹೋ ಎಂದು ನಕ್ಕರು. "ನೋಡ್ರಿ ಇವನ ಸೊಕ್ಕು! ಸರಾ ನುಂಗಿ ಹುಡುಗಗ ರೊಟ್ಟಿ ತಿನ್ನು ಅಂತಾನ." ಜವಾನ ಮತ್ತೆ ಹೊಡೆದ. ಆತ ಮತ್ತೆ ಅದನ್ನೇ ಅಂದ. "ಬುತ್ತಿ ಬಿಚ್ಚು ತಮ್ಮಾ. ಉಣ್ಣು." ನನಗೆ ಸಿಟ್ಟಿನಿಂದ ಅಳು ಬಂತು. ಅಣಕಿಸುತ್ತಿದ್ದಾನೆ ಎಂದುಕೊಂಡೆ.

ಚೌಕಿಯ ಮೇಲಧಿಕಾರಿ ಅಮೀನಸಾಹೇಬರು ಮುದಗಲ್ಲಿಗೆ ಹೋಗಿದ್ದರು. "ನಾಳೆ ನಿಮ್ಮಪ್ಪನ್ನ ಕರಕೊಂಡು ಬಾ, ಫಿರ್ಯಾದಿ ಬರಸು. ಅಲ್ಲಿತನಕಾ ಇಂವ ಇಲ್ಲೇ ಕೊಳೀತಾನ" ಎಂದು ಜವಾನ ಹೇಳಿದ. ನನ್ನ ಹೆಸರನ್ನೂ ಕೇಳಲಿಲ್ಲ. ಮಸ್ಕಿ ಕಡೆಯವನು ಎಂದಷ್ಟೇ ಹೇಳಿ, ಅಳುತ್ತ ಮಧ್ಯಾಹ್ನದ ಮೋಟಾರು ಹತ್ತಿದೆ.

ಎರಡು ಹರದಾರಿ ಬಂದಿರಬಹುದು. ಮೋಟಾರಿಗೆ ನೀರು ಕುಡಿಸಲು ಹಳ್ಳದ ಹತ್ತಿರ ನಿಲ್ಲಿಸಿದರು. ಎಲ್ಲರೂ ಇಳಿದು ಉಣ್ಣಲು ಕೂತರು. ಮನೆಗೆ ಹೋಗಿ ಅಕ್ಕನ ಮುಖ ಹೇಗೆ ನೋಡುವುದು ಎಂದು ಅಳುತ್ತಿದ್ದವನಿಗೂ ಹಸಿವಾಗಿತ್ತು. ಅದೊಂದು ನಾಚಿಕೆಗೇಡಿನ ವಿಷಯ, ಆದರೂ ನಿಜ. ಬುತ್ತಿ ಬಿಚ್ಚಿದೆ. ಎರಡು ರೊಟ್ಟಿ ಎತ್ತಿದೆ. ಮೂರನೆಯದರ ಮೇಲೆ ಗುರೆಳ್ಳಿನ ಪುಡಿ ಮೆತ್ತಿಕೊಂಡು ಬೋರಮಾಳ ಸುರುಳಿಯಾಗಿ ಮಲಗಿತ್ತು.

ಆಗ ಎಲ್ಲ ಒಂದೇ ಸಲ ತಿಳಿಯಿತು. ರುಮಾಲು ಜಾರಿದಾಗ ಸರ ಹೊರಗೆ ಬಂದಿದೆ. ಹಿಂದೆ ನಿಂತ ಇಬ್ಬರು ಅದನ್ನು ಕಂಡಿದ್ದಾರೆ. ಅವರು ಯಾರೆಂದು ಆತನಿಗೆ ಗೊತ್ತು. ಗಂಟಿನ ಸಂದಿಯಿಂದ ಸರವನ್ನು ಬುತ್ತಿಯೊಳಗೆ ಜಾರಿಸಿ, ದೂರ ಹೋಗಿ ಹೇಳೋಣ ಎಂದಿದ್ದಾನೆ. ನಮ್ಮವ್ವ ಆರಿಸಿದ ಜಾಗವನ್ನೇ ಆತನೂ ಆರಿಸಿದ್ದ. ಜವಾನನ ಮುಂದೆ "ನಾನೇ ತೆಗೆದು ಬುತ್ತಿಯಲ್ಲಿ ಇಟ್ಟೆ" ಎಂದು ಹಾಜರಿಯ ಮನುಷ್ಯ ಹೇಳಿದ್ದರೆ, ತೆಗೆದೆ ಎಂಬುದೊಂದನ್ನೇ ಬರೆದುಕೊಳ್ಳುತ್ತಿದ್ದರು. ಅದಕ್ಕೆ ನನ್ನ ಹಸಿವಿನ ಮಾತಾಡಿದ. ಉಂಡರೆ ಸಿಗುತ್ತದೆ, ಸಿಕ್ಕರೆ ಹುಡುಗ ತಿರುಗಿ ಬಂದು ಹೇಳುತ್ತಾನೆ ಎಂದು ನಂಬಿದ.

ಎರಡು ಹರದಾರಿ ಎಂದರೆ ಹತ್ತೊಂಬತ್ತು ವರ್ಷದವನಿಗೆ ಒಂದು ದಾರಿಯೇ ಅಲ್ಲ. ಸೂರ್ಯ ಇನ್ನೂ ಎತ್ತರದಲ್ಲಿದ್ದ. ನಾನು ಎದ್ದು ನಿಂತೆ. ಲಿಂಗಸುಗೂರಿನ ಕಡೆ ಹತ್ತು ಹೆಜ್ಜೆ ನಡೆದೆ ಕೂಡ. ಆಮೇಲೆ ಲೆಕ್ಕ ಹಾಕಿದೆ. ಹೋದರೆ ಸರವನ್ನು ಜಪ್ತಿ ಮಾಡುತ್ತಾರೆ. ಅಮೀನರು ಬರುವುದು ಯಾವಾಗಲೋ, ಸರ ಬಿಡುವುದು ಯಾವಾಗಲೋ. ಮದುವೆ ಮುಂದಿನ ತಿಂಗಳು. ಈ ಕಾರಣ ಸುಳ್ಳೇನಲ್ಲ. ಆದರೆ ಅದರ ಕೆಳಗೆ ಇನ್ನೊಂದು ಇತ್ತು: ಆ ಜನರ ನಡುವೆ ನಿಂತು, ನಾನು ತಪ್ಪಿದೆ ಎನ್ನಲು ನನಗೆ ನಾಚಿಕೆ. ಚಾಲಕ ಭೋಂಪು ಒತ್ತಿದ. ಸರವನ್ನು ಅದೇ ರೊಟ್ಟಿಗಳ ನಡುವೆ ಇಟ್ಟು, ಗಂಟು ಬಿಗಿದು, ಮೋಟಾರು ಹತ್ತಿದೆ.

ಮನೆಯಲ್ಲಿ ಪತ್ತಾರರ ಅಂಗಡಿ ಮುಚ್ಚಿತ್ತು ಎಂದೆ. ಅವ್ವ ಸರದ ಸಂದಿಯಲ್ಲಿ ಸಿಕ್ಕ ಗುರೆಳ್ಳಿನ ಪುಡಿ ನೋಡಿ, "ಅಂತೂ ನನ್ನ ಮಾತು ಕೇಳಿದ್ಯಲ್ಲಾ ನನ್ನ ಅರಸಾ!" ಎಂದು ದೃಷ್ಟಿ ತೆಗೆದಳು. ಸಂತೆಯ ಕಳ್ಳರ ನಡುವೆ ಬಂಗಾರ ಒಯ್ದು ತಂದವನು ಎಂದು ಓಣಿಯಲ್ಲಿ ಸುದ್ದಿಯಾಯಿತು. ನಾನು ಆತ ಹೇಳಿದ ಪಾಠಗಳನ್ನು ನನ್ನವೇ ಎಂಬಂತೆ ಹೇಳತೊಡಗಿದೆ. ನನ್ನ ಪಾಂಡಿತ್ಯ ಶುರುವಾದದ್ದು ಹೀಗೆ.

ಹದಿನೈದು ದಿನಗಳ ಮೇಲೆ ಕಾಲು ವಾಸಿಯಾಗಿ ಅಪ್ಪನೇ ಲಿಂಗಸುಗೂರಿಗೆ ಹೋಗಿ ಸರ ಮಾಡಿಸಿಕೊಂಡು ಬಂದ. ಕೈಕಾಲು ತೊಳೆದು ಕೂತು ಹೇಳಿದ: "ಪತ್ತಾರರು ಒಂದು ಸುದ್ದಿ ಹೇಳಿದ್ರು. ಮಸ್ಕಿ ಕಡಿ ಯಾವನೋ ಹುಡುಗನ ಸರಾ ಹೋತಂತ. ಒಬ್ಬ ಹಾಜರಿ ಮನಿಶ್ಯಾನ್ನ ಹಿಡದು ಎಂಟು ದಿನಾ ಕೂಡ್ಸಿದ್ರಂತ. ಹುಡುಗ ಹೊಳ್ಳಿ ಬರ್ಲಿಲ್ಲ, ಬಿಟ್ರಂತ. ಪಾಪ, ಆ ಹುಡುಗ ನಿನ್ನಂಗ ಹುಷಾರಿರಲಿಲ್ಲ ನೋಡು."

ನಾನು ಎದ್ದು ಹಿತ್ತಲಿಗೆ ಹೋದೆ.

ಮದುವೆ ಚೆನ್ನಾಗಿಯೇ ಆಯಿತು. ಅಕ್ಕ ಸಾಲಗುಂದದಲ್ಲಿ ಸುಖವಾಗಿ ಬಾಳಿದಳು. ಅವಳ ಮಕ್ಕಳು, ಮೊಮ್ಮಕ್ಕಳು ಅಂಗಳ ತುಂಬ ಓಡಾಡುವುದನ್ನು ನೋಡುವಾಗಲೆಲ್ಲ ನಾನು ಕೈಮುಗಿದಿದ್ದೇನೆ. ಯಾವ ದೇವರಿಗೆ ಮುಗಿಯುತ್ತಿದ್ದಾನೆ ಎಂದು ಜನ ತಿಳಿದುಕೊಂಡರೋ. ಅವಳ ಸಂಸಾರದ ಋಣ ಯಾರದೆಂದು ನನಗೊಬ್ಬನಿಗೇ ಗೊತ್ತಿತ್ತು.

ಮದುವೆಯಾದ ಮರುವರ್ಷ ಅಕ್ಕ ಮೊದಲ ಬಾಣಂತನ ಮುಗಿಸಿಕೊಂಡು ಗಂಡನ ಮನೆಗೆ ಹೊರಟಳು. ನಾನು ಕಳಿಸಲು ಹೋಗಿದ್ದೆ. ಸಿಂಧನೂರಿನಲ್ಲಿ ಇಳಿದು ಸಾಲಗುಂದದ ಬಂಡಿಗಾಗಿ ಕಾಯುತ್ತಿದ್ದೆವು. ಎದುರಿನ ಅಡತಿ ಅಂಗಡಿಯ ಮುಂದೆ ಕೆಲವರು ಜೋಳದ ಚೀಲ ಇಳಿಸುತ್ತಿದ್ದರು. ಅವರಲ್ಲಿ ಒಬ್ಬ ಚೀಲ ಇಳಿಸಿ, ಬೆವರು ಒರೆಸಿಕೊಂಡು, ನಮ್ಮ ಕಡೆಗೇ ಬಂದ. ಅದೇ ಕಂಬಳಿ. ಆತನ ಹಾಜರಿಯನ್ನು ಈಗ ಈ ಊರಿನ ಚೌಕಿಗೆ ಬದಲಿಸಿದ್ದರೋ ಏನೋ. ಬಲಗೈಯ ಎರಡು ಬೆರಳು ಮಡಚದೆ ನೆಟ್ಟಗೆ ನಿಂತಿದ್ದವು.

ಆತ ಮೊದಲು ನೋಡಿದ್ದು ಅಕ್ಕನ ಕೊರಳನ್ನು. ಬೋರಮಾಳ ಬಿಸಿಲಿಗೆ ಹೊಳೆಯುತ್ತಿತ್ತು. ಆತನ ಮುಖ ಅರಳಿದ್ದನ್ನು ನಾನು ನೋಡಿದೆ. ಆಮೇಲೆ ನನ್ನನ್ನು ನೋಡಿದ.

"ಬುತ್ತಿ ಉಂಡ್ಯಾ ತಮ್ಮಾ?"

"ಉಂಡೆ" ಎಂದೆ.

"ಆತು ಬಿಡು. ಹಂಗಾದ್ರ ಆತು." ಅಷ್ಟೇ ಅಂದ. ಆ ಒಂದು ಮಾತು ತಿಳಿಯಲೆಂದೇ ಇಷ್ಟು ದಿನ ಕಾದಿದ್ದವನಂತೆ ಉಸಿರು ಬಿಟ್ಟ.

ಅಕ್ಕ ನನ್ನ ಕಡೆ ವಾಲಿ, "ಯಾರೋ ಅವರು? ಏನಂತ?" ಎಂದಳು.

ಹೇಳಬೇಕಾದ ಗಳಿಗೆ ಅದು. ಅಲ್ಲಿ ಜವಾನನಿರಲಿಲ್ಲ, ಜಪ್ತಿಯ ಭಯವಿರಲಿಲ್ಲ, ಮದುವೆಯೂ ಆಗಿಹೋಗಿತ್ತು. ನನ್ನ ನಾಲಗೆ ಹೇಳಿತು: "ಯಾರೋ ಏನೋ. ಹಸದಾನಂತ, ರೊಟ್ಟಿ ಕೇಳಾಕತ್ತಾನ."

ಆತನಿಗೆ ಕೇಳಿಸಿತು. ಕೇಳಿಸದಿರುವಷ್ಟು ದೂರ ಇರಲಿಲ್ಲ. ಅಕ್ಕ ಪಾಪ, ಮಗುವನ್ನು ನನ್ನ ತೊಡೆಗೆ ಹಾಕಿ, ಬುತ್ತಿ ಬಿಚ್ಚಿ ಎರಡು ರೊಟ್ಟಿ ತೆಗೆದು, ಮೇಲೆ ಚಟ್ನಿಪುಡಿ ಹಾಕಿ ನೀಡಿದಳು. ನಾನು ತಲೆ ತಗ್ಗಿಸಿ ಮಗುವಿನ ಕುಲಾವಿ ಸರಿಮಾಡುತ್ತ ಕೂತೆ. ನಾನು ಬೇಡಿಲ್ಲ ತಾಯಿ ಎಂದು ಆತ ಹೇಳಬಹುದಿತ್ತು. ಹೇಳಿದ್ದರೆ ನನ್ನ ಬಣ್ಣ ಬಯಲಾಗುತ್ತಿತ್ತು. ಆತ ಎರಡೂ ಕೈ ಚಾಚಿ ರೊಟ್ಟಿ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡ.

"ನಿನ್ನ ಹೊಟ್ಟಿ ತಣ್ಣಗಿರ್ಲಿ ತಾಯೀ. ಸರಾ ಭಾಳ ಚಂದ ಐತಿ. ಊರು ಹೊಸದೈತಿ, ಸೆರಗ ಮುಚ್ಚಿಕೋ."

ಅಕ್ಕ ಗಾಬರಿಯಾಗಿ ಸೆರಗು ಹೊದ್ದಳು. ಆಮೇಲೆ ಅವಳಿಗೆ ಏನನ್ನಿಸಿತೋ, "ನಿಮ್ಮ ಹೆಸರೇನ್ರೀ ಯಣ್ಣಾ?" ಎಂದು ಕೇಳಿದಳು. ಆತ ಹೇಳಿದ. ಹೇಳಿ, ರೊಟ್ಟಿಯನ್ನು ಕಂಬಳಿಯ ತುದಿಗೆ ಕಟ್ಟಿಕೊಂಡು ಚೀಲಗಳ ಕಡೆ ಹೋದ. ಅಕ್ಕ ಕೊನೆಯವರೆಗೂ ಆತನನ್ನು ನೆನೆಯುತ್ತಿದ್ದಳು. "ನಿನಗ ನೆನಪೈತೇನೋ, ಸಿಂಧನೂರಾಗ ರೊಟ್ಟಿ ಬೇಡಿದವ? ಎಂಥಾ ಒಳ್ಳೇ ಮಾತು ಹೇಳಿದ." ನಾನು ಹೂಂ ಅನ್ನುತ್ತಿದ್ದೆ.

ರಾಜ್ಯ ಬದಲಾಯಿತು. ಆ ಪಟ್ಟಿಯನ್ನೂ ತೆಗೆದುಹಾಕಿದರೆಂದು ಕೇಳಿದೆ. ಅನಂತರ ಎರಡು ಸಲ ಲಿಂಗಸುಗೂರಿಗೆ ಹೋಗಿ ವಿಚಾರಿಸಿದೆ. ಒಬ್ಬರು ಹಟ್ಟಿಯ ಗಣಿಗೆ ಹೋದ ಎಂದರು. ಇನ್ನೊಬ್ಬರು ಸತ್ತ ಎಂದರು. ಮೂರನೆಯ ಸಲ ನಾನು ಹೋಗಲಿಲ್ಲ. ನಿಜ ಹೇಳಬೇಕೆಂದರೆ, ಸಿಗಲಿಲ್ಲವಲ್ಲ ಎಂದು ಒಳಗೊಳಗೇ ಸಮಾಧಾನಪಟ್ಟೆ.

ಇದನ್ನು ಓದುವವರಲ್ಲಿ ಆತನ ಮಕ್ಕಳೋ ಮೊಮ್ಮಕ್ಕಳೋ ಇದ್ದರೆ ತಿಳಿಯಲಿ. ನಿಮ್ಮ ಮನೆಯ ಹಿರಿಯ ಕದ್ದಿರಲಿಲ್ಲ. ಆತನಿಂದ ಒಂದು ಮನೆ ಬೆಳಗಿತು. ಆತನನ್ನು ಕಳ್ಳ ಎಂದು ಕೂಗಿದವನು ನಾನು, ಭಿಕ್ಷುಕ ಎಂದು ತೋರಿಸಿದವನೂ ನಾನು. ಜವಾನ ಆತನನ್ನು ಕರೆದದ್ದು ಹುಲಿಗ್ಯಾ ಎಂದು. ಅಕ್ಕ ಮರ್ಯಾದೆಯಿಂದ ಕೇಳಿದಾಗ ಆತ ತನ್ನ ಹೆಸರನ್ನು ಪೂರ್ತಿಯಾಗಿ, ತಲೆಯೆತ್ತಿ ಹೇಳಿದ್ದ: ಹುಲಿಗೆಪ್ಪ.